ಮುಕ್ಕಾಲು ಇಂಚು

ಟೈಲರನಿಗೆ ಸುಕ್ಕು ಕಂಡರೆ ಆಗುತ್ತಿರಲಿಲ್ಲ. ಬಸ್ಸಿನಲ್ಲಿ ಮುಂದೆ ನಿಂತವನ ಕೋಟಿನ ಬೆನ್ನಲ್ಲಿ ಸುಕ್ಕು ಕಂಡರೂ ಅವನ ಕೈ ತುರಿಸುತ್ತಿತ್ತು, ಆ ಮನುಷ್ಯ ಯಾರೋ ಏನೋ, ಗುರುತೂ ಇಲ್ಲ ಪರಿಚಯವೂ ಇಲ್ಲ. ಇಪ್ಪತ್ತೆರಡು ವರ್ಷ ಪ್ಯಾಂಟು ಹೊಲಿದು, ಇವನ ಹೊಲಿಗೆ ಎಂದರೆ ಅಚ್ಚು ಹಾಕಿದ ಹಾಗೆ ಎಂದು ನಾಲ್ಕು ಬೀದಿಗೆ ಹೆಸರಾದವನು. ಮುಂದೆ ಆದ ಎಡವಟ್ಟೆಲ್ಲ ಆ ಒಳ್ಳೆಯ ಹೆಸರಿನಿಂದಲೇ ಆದದ್ದು. ಸುಮಾರಾದ ಟೈಲರನಾಗಿದ್ದರೆ ಏನೂ ಆಗುತ್ತಿರಲಿಲ್ಲ.

ಅವನ ಮಾವ, ಅಂದರೆ ಹೆಂಡತಿಯ ಅಪ್ಪ, ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದು ನಿವೃತ್ತರಾದವರು. ಮೂವತ್ತೊಂದು ವರ್ಷ ಅಂಗಡಿ ಅಂಗಡಿ ಹೊಕ್ಕು ತಕ್ಕಡಿ ಪರೀಕ್ಷಿಸಿದ ಜೀವ. ವ್ಯಾಪಾರಿಗಳು ಬೆನ್ನ ಹಿಂದೆ ಅವರನ್ನು 'ತಕ್ಕಡಿ' ಎಂದೇ ಕರೆಯುತ್ತಿದ್ದರು. "ಮೊದಲು ಖಾಲಿ ತಕ್ಕಡಿ ನೋಡ್ಬೇಕು. ಖಾಲಿ ಇದ್ದಾಗಲೇ ಮುಳ್ಳು ನೆಟ್ಟಗೆ ನಿಲ್ಲದಿದ್ರೆ, ಆಮೇಲೆ ನೀನು ಎಷ್ಟು ಸರಿಯಾಗಿ ತೂಗಿದ್ರೂ ಅದು ಮೋಸಾನೇ," ಎಂಬುದು ಅವರ ಮಾತು. ಊಟದ ಹೊತ್ತಿಗೂ ಇದೇ ಮಾತು, ಬಂದವರೆದುರಿಗೂ ಇದೇ ಮಾತು. ಮನೆಯವರಿಗೆ ಕೇಳಿ ಕೇಳಿ ಕಿವಿ ತೂತು ಬಿದ್ದಿತ್ತು.

ಇಂಥವರಿಗೆ ಕೊರಳಲ್ಲಿ ಟೇಪು ಹಾಕಿಕೊಂಡು ಓಡಾಡುವ ಅಳಿಯ ಸಿಕ್ಕಿದರೆ ಕೇಳಬೇಕೆ? ಕಾಲಿಂಚು ಅರ್ಧ ಇಂಚು ಎಂದು ಮಾತಾಡುವ ಅಳಿಯ ಅವರ ಕಣ್ಣಿಗೆ ಬಂಗಾರ. ಮಗನೋ, ಮೆಕ್ಯಾನಿಕ್. ಮೂವತ್ತೈದು ವರ್ಷವಾಗಿದ್ದರೂ ಇನ್ನೊಬ್ಬರ ಗ್ಯಾರೇಜಿನಲ್ಲಿ ದುಡಿಯುತ್ತಿದ್ದ. ಅವನು ಅಳೆಯುವ ಪೈಕಿ ಅಲ್ಲ. ಕಿವಿಗೊಟ್ಟು ಕೇಳುತ್ತಾನೆ, ಬೆರಳಿಟ್ಟು ನೋಡುತ್ತಾನೆ, "ಇಲ್ಲೇ ಇದೆ ನೋಡಿ" ಎನ್ನುತ್ತಾನೆ. ಅಲ್ಲೇ ಇರುತ್ತದೆ ಕೂಡ. ಆದರೂ ಅಪ್ಪನ ಬಾಯಲ್ಲಿ ಅವನು 'ಕಣ್ಣಂದಾಜಿನ ಗಿರಾಕಿ'. ಯಾರ್ಯಾರದೋ ಕಾರು ಅವನನ್ನು ಹುಡುಕಿಕೊಂಡು ಬಂದರೂ ಸ್ವಂತ ಅಪ್ಪನ ಕಾರು ಬೇರೆಯವರ ಹತ್ತಿರ ಹೋಗುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಆ ಕಾರಿಗೆ ಇಪ್ಪತ್ತಾರು ವರ್ಷ. ಗೇರ್ ಬಾಕ್ಸು ಗುರುಗುಡಲು ಶುರುವಾದಾಗ, ಇದರ ಸಾಮಾನು ಈಗ ಎಲ್ಲಿ ಸಿಗುತ್ತದೆ ಎಂದು ಉಳಿದ ಗ್ಯಾರೇಜಿನವರೆಲ್ಲ ಕೈಯೆತ್ತಿದರು. ಕೊನೆಗೆ ಮಾವ ಬಾಯಿಗೆ ಬೇವು ಹಾಕಿಕೊಂಡವರ ಹಾಗೆ ಮಗನನ್ನು ಕರೆದರು. ಜೊತೆಗೆ ಒಂದು ಮಾತೂ ಕೊಟ್ಟರು. ಮನೆಯ ಮುಂದೆ, ರಸ್ತೆಗೆ ಬಾಗಿಲಿರುವ ಒಂದು ಖಾಲಿ ಶೆಡ್ಡು ಇತ್ತು. ಅಲ್ಲಿ ತನ್ನದೇ ಗ್ಯಾರೇಜು ಇಡಬೇಕೆಂದು ಮಗ ಆರು ವರ್ಷದಿಂದ ಕೇಳುತ್ತಲೇ ಇದ್ದ.

"ಈ ಗೇರ್ ಬಾಕ್ಸು ಸರಿಯಾಗಿ ನಿಂತ್ರೆ ಶೆಡ್ಡು ನಿಂದು," ಎಂದರು ಮಾವ. "ನಿಲ್ಲದಿದ್ರೆ ಟೈರಿನವನು ಕೇಳ್ತಿದಾನೆ, ಅವನಿಗೆ ಕೊಡ್ತೀನಿ."

ಮಗ, ಅಂದರೆ ಟೈಲರನ ಭಾಮೈದ, ಹನ್ನೊಂದು ದಿನ ಒದ್ದಾಡಿ ಗೇರ್ ಬಾಕ್ಸು ಕಟ್ಟಿದ. ತಾನೇ ಓಡಿಸಿ ನೋಡಿ, ನಗುತ್ತಾ ಬಂದು ಕೀಲಿ ಕೊಟ್ಟ. ಆದರೆ ಮಾವ ಹತ್ತಲಿಲ್ಲ. ಗೇರ್ ಹಿಡಿಯ ಬುಡಕ್ಕೆ ಸೀರೆಯ ನೆರಿಗೆಯಂತೆ ಒಂದು ಚರ್ಮದ ಚೀಲ ಇರುತ್ತದಲ್ಲ, ಗ್ಯಾರೇಜಿನವರು ಬೂಟು ಎನ್ನುತ್ತಾರೆ, ಅದು ಹರಿದು ಚಿಂದಿಯಾಗಿತ್ತು. ಆ ತೂತಿನಿಂದ ರಸ್ತೆಯ ಧೂಳು, ಇಂಜಿನ್ನಿನ ಬಿಸಿ, ವಾಸನೆ ಎಲ್ಲ ಒಳಗೆ ನುಗ್ಗಿ ಮಾವನ ಬಿಳಿ ಸಾಕ್ಸು ಕಪ್ಪಾಗುತ್ತಿತ್ತು. ಹೊಸದು ಎಲ್ಲೂ ಸಿಗಲಿಲ್ಲ.

"ಹೊಲಿಯೋ ಕೆಲಸ ತಾನೆ? ನಮ್ಮ ಅಳಿಯಂದಿರಿಲ್ವೇ?" ಎಂದರು ಮಾವ. "ಅದು ಆಗೋವರೆಗೂ ಕಾರು ತೆಗೆಯಲ್ಲ."

ಟೈಲರನಿಗೆ ಚರ್ಮ ಹೊಸದು. ಆದರೆ ಮಾವ ಕೇಳಿದರೆ ಇಲ್ಲ ಎನ್ನುವುದುಂಟೆ? ಕಾರಿನ ಬಾಗಿಲು ತೆಗೆದು, ಗೇರ್ ಹಿಡಿ ನೆಟ್ಟಗೆ ನಿಂತಿದ್ದ ಹಾಗೇ, ನ್ಯೂಟ್ರಲ್ಲಿನಲ್ಲಿ, ಟೇಪು ಇಟ್ಟು ಎತ್ತರ ಸುತ್ತಳತೆ ಎಲ್ಲ ಬರೆದುಕೊಂಡ. ಹಳೆಯ ಬೂಟನ್ನು ಅಂಗಡಿಗೆ ಒಯ್ದು ಹೊಲಿಗೆ ಬಿಚ್ಚಿದ. ನಾಲ್ಕು ತುಂಡು. ಮೂರು ತುಂಡು ಏಳು ಇಂಚು, ಟೇಪು ಹೇಳಿದಷ್ಟೇ. ಮುಂದಿನ ತುಂಡು ಮಾತ್ರ ಏಳೂ ಮುಕ್ಕಾಲು. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಮುಂದಿನ ಗಾಜಿನಿಂದ ಬಿಸಿಲು ನೇರ ಇದರ ಮೇಲೇ ಬೀಳುತ್ತದೆ, ಇಪ್ಪತ್ತಾರು ವರ್ಷದಲ್ಲಿ ಚರ್ಮ ಹಿಗ್ಗಿ ಜೋತು ಬಿದ್ದಿದೆ ಎಂದು ತೀರ್ಮಾನಿಸಿದ. ನಾಲ್ಕನ್ನೂ ಏಳಕ್ಕೇ ಕತ್ತರಿಸಿದ. ದಪ್ಪ ಸೂಜಿ ಹಾಕಿ, ಎರಡು ಸಾಲು ಹೊಲಿಗೆ ಎಳೆದು, ಮಗುಚಿ ನೋಡಿದರೆ ಒಂದು ಸುಕ್ಕಿಲ್ಲ. ಹಳೆಯ ತುಂಡುಗಳನ್ನು ಮೇಜಿನ ಡ್ರಾಯರಿಗೆ ಹಾಕಿದ, ಅವನು ಏನನ್ನೂ ಬಿಸಾಡುವವನಲ್ಲ.

ಕಾರಿಗೆ ತೊಡಿಸಿದ ದಿನ ಮಾವ ಕನ್ನಡಕ ಏರಿಸಿ ನೋಡಿದ್ದೇ ನೋಡಿದ್ದು. "ಕೆಲಸ ಅಂದ್ರೆ ಇದು! ನೋಡೋ," ಎಂದು ಮಗನನ್ನು ಕರೆದು ತೋರಿಸಿದರು. "ಇದನ್ನ ನಿನ್ನ ಎಣ್ಣೆ ಕೈಯಲ್ಲಿ ಮುಟ್ಟಿ ಹಾಳು ಮಾಡ್ಬೇಡ ಮತ್ತೆ."

ಮರುದಿನ ಮಾವ ದೊಡ್ಡ ರಸ್ತೆಗೆ ಹೋದರು. ನಾಲ್ಕನೇ ಗೇರಿಗೆ ಹಾಕಿ ಕೈ ಬಿಟ್ಟರೆ, ಫರ್ಲಾಂಗು ಹೋಗುವಷ್ಟರಲ್ಲಿ ಗೇರು ಟಕ್ ಎಂದು ಜಾರಿ ನ್ಯೂಟ್ರಲ್ಲಿಗೆ ಬಂತು. ಎರಡನೆಯದೂ ಹಾಗೇ. ಒಂದು ಮತ್ತು ಮೂರು ಮಾತ್ರ ಗಟ್ಟಿ. ಚರ್ಮದ ಚೀಲವೊಂದು ಕಬ್ಬಿಣದ ಹಿಡಿಯನ್ನು ಎಳೆದು ಗೇರು ಬಿಡಿಸುತ್ತದೆ ಎಂದು ಯಾರಿಗೆ ಹೊಳೆಯಬೇಕು?

"ನಾನು ಓಡಿಸ್ದಾಗ ಸರಿ ಇತ್ತಪ್ಪ," ಎಂದ ಭಾಮೈದ.

"ನೀನು ಓಡಿಸ್ದಾಗ ಎಲ್ಲಾ ಸರೀನೇ! ಕುಣೀಲಾರದವಳು ನೆಲ ಡೊಂಕು ಅಂದಳಂತೆ."

ಮಾವ ನ್ಯಾಯವಂತರು, ಒಂದೇ ಸಲಕ್ಕೆ ಕೈಬಿಡಲಿಲ್ಲ. ಮೂರು ಭಾನುವಾರ ಕೊಟ್ಟರು. ಭಾಮೈದ ಮೂರು ಭಾನುವಾರವೂ ಕಾರಿನ ಕೆಳಗೆ ಅಂಗಾತ ಮಲಗಿದ. ಸ್ಪ್ರಿಂಗು ಬದಲಾಯಿಸಿದ, ಬೋಲ್ಟು ಬಿಗಿದ, ಎಣ್ಣೆ ಬದಲಾಯಿಸಿದ. ಮೇಲಿನ ಬೂಟನ್ನು ಮಾತ್ರ ಬೆರಳಿನಿಂದಲೂ ಮುಟ್ಟಲಿಲ್ಲ, ಅಪ್ಪನ ಆಜ್ಞೆ. ಗೇರು ಜಾರುತ್ತಲೇ ಇತ್ತು. ಮೂರನೇ ಭಾನುವಾರ ಸಂಜೆ ಮಾವ ಕೈ ತೊಳೆದುಕೊಂಡರು. ಮುಂದಿನ ಭಾನುವಾರ ಹನ್ನೊಂದು ಗಂಟೆಗೆ ಬಂದು ಶೆಡ್ಡು ನೋಡುವಂತೆ ಟೈರಿನವನಿಗೆ ಹೇಳಿ ಕಳಿಸಿದರು.

ಇದರಲ್ಲಿ ಟೈಲರನಿಗೆ ಏನೂ ನಷ್ಟವಿರಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಸ್ವಲ್ಪ ಖುಷಿಯೂ ಇತ್ತು. ಮಾವನ ಮನೆಗೆ ಹೋದಾಗೆಲ್ಲ ಬೂಟಿನ ಹೊಗಳಿಕೆ, ಒಳ್ಳೆಯ ಕುರ್ಚಿ, ಮೊದಲ ಲೋಟ ಚಹಾ. ಅಯ್ಯೋ ಪಾಪ ಎಂದು ಭಾಮೈದನ ಕಡೆ ನೋಡುವುದು, ಚಹಾ ಕುಡಿಯುವುದು.

ಹೆಂಡತಿಗೆ ಮಾತ್ರ ತಮ್ಮನ ಚಿಂತೆ ಹತ್ತಿತ್ತು. "ರೀ, ಅವನು ಗ್ಯಾರೇಜಲ್ಲೂ ಸರಿ ಇಲ್ವಂತೆ. ಬಿಗಿದ ನಟ್ಟನ್ನೇ ಮೂರು ಮೂರು ಸಲ ಬಿಗೀತಾನಂತೆ. ಮಾಡಿ ಮುಗಿಸಿದ್ದನ್ನ ಬಿಚ್ಚಿ ನೋಡ್ತಾನಂತೆ. ಮೊನ್ನೆ ಕೇಳಿದ್ರೆ, 'ಅಕ್ಕ, ನಂಗೆ ಇನ್ನು ಕೈ ನಂಬೋಕಾಗಲ್ಲ' ಅಂದ."

"ಸರಿ ಹೋಗ್ತಾನೆ ಬಿಡು," ಎಂದ ಟೈಲರ್.

ಶನಿವಾರ ಮಧ್ಯಾಹ್ನ ಅಂಚೆಯವನು ಹೊಸ ಪ್ಯಾಂಟು ತೊಟ್ಟು ನೋಡಲು ಅಂಗಡಿಗೆ ಬಂದ. ಕನ್ನಡಿಯ ಮುಂದೆ ನಿಂತು, "ಚೆನ್ನಾಗಿದೆ, ಬಿಚ್ಲಾ?" ಎಂದ.

"ನಿಲ್ರಿ, ಅವಸರ ಏನು? ನಿಂತಾಗ ಎಲ್ಲಾ ಪ್ಯಾಂಟೂ ಚೆನ್ನಾಗೇ ಇರ್ತದೆ. ಕೂತು ತೋರಿಸಿ," ಎಂದ ಟೈಲರ್. ದಿನಕ್ಕೆ ಹತ್ತು ಸಲ ಹೇಳುವ ಮಾತು. ಅಂಚೆಯವನು ಸ್ಟೂಲಿನ ಮೇಲೆ ಕೂತ. ಬಟ್ಟೆ ಮಂಡಿಯ ಹತ್ತಿರ ಬಿಗಿಯಿತು, ಸೊಂಟದ ಹಿಂದೆ ಕೆಳಗೆ ಜಗ್ಗಿತು.

"ಹಿಡೀತದಲ್ರೀ. ಎದ್ದು ನಿಲ್ಲು ಅಂತ ಎಳೀತಿದೆ ನೋಡಿ," ಎಂದು ನಕ್ಕ ಅಂಚೆಯವನು.

ಟೈಲರ್ ಗುಂಡುಪಿನ್ನು ಬಾಯಲ್ಲಿಟ್ಟುಕೊಂಡು ಬಗ್ಗಿದವನು ಬಗ್ಗಿದ ಹಾಗೇ ಉಳಿದ. ಎರಡನೇ ಗೇರು, ನಾಲ್ಕನೇ ಗೇರು. ಎರಡಕ್ಕೂ ಹಿಡಿಯನ್ನು ಸೀಟಿನ ಕಡೆಗೆ ಎಳೆಯಬೇಕು. ಹಿಡಿ ಹಿಂದಕ್ಕೆ ಬಾಗಿದರೆ ಬಿಗಿಯುವುದು ಬೂಟಿನ ಮುಂದಿನ ತುಂಡು. ಅದಕ್ಕೆ ಬೇಕಾಗಿದ್ದ ಸಡಿಲವನ್ನೇ ಅವನು ಕತ್ತರಿಸಿ ಹಾಕಿದ್ದ. ಊರಿಗೆಲ್ಲ ಕೂರಿಸಿ ಅಳತೆ ತೆಗೆಯುವವನು ಗೇರಿಗೆ ಮಾತ್ರ ನಿಲ್ಲಿಸಿ ಅಳತೆ ತೆಗೆದಿದ್ದ.

ಅಂಚೆಯವನನ್ನು ಕಳಿಸಿ ಡ್ರಾಯರ್ ಎಳೆದ. ಹಳೆಯ ಮುಂದಿನ ತುಂಡಿನ ಮೇಲೆ ಅಡ್ಡಕ್ಕೆ ಎರಡು ಮಡಿಕೆಯ ಗೆರೆ, ಆಳವಾಗಿ. ಬಿಸಿಲಿಗೆ ಜೋತುಬಿದ್ದ ಚರ್ಮದಲ್ಲಿ ಹಾಗೆ ಅಚ್ಚುಕಟ್ಟಾದ ಗೆರೆ ಬೀಳುವುದಿಲ್ಲ. ಹುಟ್ಟಿದಾಗಿನಿಂದ ಅದು ಮಡಿಚಿಕೊಂಡು ಬಿಚ್ಚಿಕೊಂಡು ಕೆಲಸ ಮಾಡಿದ ಗುರುತು. ಅವತ್ತೂ ಕಣ್ಣಿಗೆ ಬಿದ್ದಿತ್ತು. ಸುಕ್ಕು ಎಂದುಕೊಂಡಿದ್ದ.

ಹೊಸ ಬೂಟು ಹೊಲಿಯಲು ಎರಡು ಗಂಟೆ ಸಾಕಾಯಿತು. ಹೊಲಿಯುತ್ತಲೇ ಒಂದು ಉಪಾಯವೂ ತಯಾರಾಯಿತು. ಬೆಳಿಗ್ಗೆ ಬೇಗ ಹೋಗುವುದು, ದಾರ ಸ್ವಲ್ಪ ಸಡಿಲ ಬಿಟ್ಟಿದೆ ಮಾವ ಎನ್ನುವುದು, ಬದಲಾಯಿಸಿ ಬರುವುದು. ಗೇರು ನಿಲ್ಲುತ್ತದೆ, ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಆಮೇಲೆ ಅವನೇ ತನ್ನ ಉಪಾಯಕ್ಕೆ ಅಡ್ಡಬಂದ. ಗೇರು ತಾನಾಗಿಯೇ ಸರಿಹೋದರೆ ಮಾವ ನಂಬುತ್ತಾರೆಯೇ? 'ಇವತ್ತು ನಿಂತಿದೆ, ನಾಳೆ ಜಾರುತ್ತೆ' ಎಂದು ಹನ್ನೊಂದು ಗಂಟೆಗೆ ಶೆಡ್ಡು ಕೊಟ್ಟೇ ಕೊಡುತ್ತಾರೆ. ಭಾಮೈದನೂ ನಂಬುವುದಿಲ್ಲ. ಬಿಗಿದ ನಟ್ಟನ್ನು ಸಾಯುವವರೆಗೂ ಮೂರು ಮೂರು ಸಲ ಬಿಗಿಯುತ್ತಿರುತ್ತಾನೆ.

ಸಂಜೆ ಊಟಕ್ಕೆ ಕೂತಾಗ ಹೆಂಡತಿ, "ಯಾಕ್ರೀ, ಮುಖ ಹಿಂಗಿದೆ? ಅಂಗಡೀಲಿ ಯಾರಾದ್ರೂ ಏನಾದ್ರೂ ಅಂದ್ರಾ?" ಎಂದಳು.

"ನನ್ನನ್ನ ಯಾರು ಏನಂತಾರೆ?" ಎಂದು ಸಿಡುಕಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಹೆಂಡತಿ ಕೈಯಲ್ಲಿದ್ದ ಸೌಟು ಕೆಳಗಿಟ್ಟು ಅವನನ್ನೇ ನೋಡಿದಳು. ಅವನು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು.

ಅವಳು ಕೂಗಾಡಲಿಲ್ಲ, ಅದೇ ಅವನಿಗೆ ಇನ್ನೂ ಕಷ್ಟವಾಯಿತು. "ನಾಳೆ ನಾನೂ ಬರ್ತೀನಿ," ಎಂದಷ್ಟೇ ಹೇಳಿದಳು.

ಭಾನುವಾರ ಒಂಬತ್ತಕ್ಕೆ ಇಬ್ಬರೂ ಹೋದರು. ಭಾಮೈದ ಶೆಡ್ಡಿನಲ್ಲಿ ಕಸ ಗುಡಿಸುತ್ತಿದ್ದ, ಬೇರೊಬ್ಬನಿಗೆ ಕೊಡಲಿರುವ ಶೆಡ್ಡನ್ನು. ಆರು ವರ್ಷದ ಹಿಂದೆ ಗೋಡೆಗೆ ತಾನೇ ಹೊಡೆದಿದ್ದ ಮೊಳೆಗಳನ್ನು ಕಿತ್ತು ಡಬ್ಬಿಗೆ ಹಾಕಿಟ್ಟಿದ್ದ. ಮಾವ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಬನ್ನಿ ಅಳಿಯಂದಿರೇ, ಚಹಾ ತರಿಸ್ತೀನಿ."

"ಚಹಾ ಆಮೇಲೆ ಮಾವ. ಗೇರು ಜಾರೋದು ನನ್ನಿಂದ. ಬೂಟು ಗಿಡ್ಡ ಹೊಲಿದಿದೀನಿ. ಅದೇ ಹಿಡಿಯನ್ನ ಎಳೀತಿರೋದು. ಇವನ ಕೆಲಸದಲ್ಲಿ ಏನೂ ತಪ್ಪಿಲ್ಲ."

ಮಾವನ ಮುಖದ ಮೇಲೆ ಮೂಡಿದ್ದು ಸಿಟ್ಟಲ್ಲ, ಮೆಚ್ಚುಗೆ. "ಎಂಥಾ ದೊಡ್ಡ ಮನಸ್ಸು ನಿಮ್ಮದು," ಎಂದು ಎದ್ದು ಬಂದು ಭುಜ ತಟ್ಟಿದರು. "ನೋಡೋ, ನೋಡಿ ಕಲಿ! ನಿನ್ನ ಮಾನ ಉಳಿಸೋಕೆ ನಿಮ್ಮ ಭಾವ ತನ್ನ ಕೆಲಸಕ್ಕೇ ಕಪ್ಪು ಬಳ್ಕೋತಿದಾರೆ."

"ಇಲ್ಲ ಮಾವ, ನಿಜವಾಗ್ಲೂ..."

"ಸಾಕು ಬಿಡಿ. ಟೇಪು ಹಿಡಿದ ಕೈ ತಪ್ಪುತ್ತಾ?"

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಭಾಮೈದನೇ ಪೊರಕೆ ಕೆಳಗಿಟ್ಟು ಹತ್ತಿರ ಬಂದ. ಕಣ್ಣು ಕೆಂಪಾಗಿತ್ತು. "ಬೇಡ ಭಾವ. ನಂಗೋಸ್ಕರ ಸುಳ್ಳು ಹೇಳ್ಬೇಡಿ. ನಾನೇ ಎಲ್ಲೋ ಎಡವಿದೀನಿ, ನಂಗೇ ಗೊತ್ತಾಗ್ತಿಲ್ಲ ಅಷ್ಟೆ."

ತಪ್ಪು ಒಪ್ಪಿಕೊಂಡರೆ ಮರ್ಯಾದೆ ಹೋಗುತ್ತದೆ ಎಂದು ಟೈಲರ್ ರಾತ್ರಿಯೆಲ್ಲ ಹೆದರಿದ್ದ. ಇಲ್ಲಿ ನೋಡಿದರೆ ಇದ್ದ ಮರ್ಯಾದೆ ಇಮ್ಮಡಿಯಾಗುತ್ತಿದೆ, ಭಾಮೈದ ಇನ್ನಷ್ಟು ಕುಗ್ಗುತ್ತಿದ್ದಾನೆ. ಈಗ ಬಾಯಿ ಮುಚ್ಚಿಕೊಂಡರೂ ಯಾರೂ ಏನೂ ಅನ್ನುವುದಿಲ್ಲ. ಹೆಂಡತಿಯ ಕಡೆ ನೋಡಿದ. ಅವಳು ಕೈಕಟ್ಟಿಕೊಂಡು ನಿಂತಿದ್ದಳು.

"ಅಪ್ಪ, ಮೂವತ್ತೊಂದು ವರ್ಷ ಯಾರ ಬಾಯಿ ಮಾತು ಕೇಳಿ ತೂಕ ಸರಿ ಅಂದಿದೀಯಾ ನೀನು?" ಎಂದಳು ಅವಳು. "ಒಂದ್ಸಲ ಬಿಚ್ಚಿ ನೋಡು."

ಟೈಲರ್ ಕಾರಿನೊಳಗೆ ಬಗ್ಗಿದ. ಹಿಡಿಯ ಗುಂಡನ್ನು ತಿರುಗಿಸಿ ತೆಗೆದ, ಚೌಕಟ್ಟಿನ ನಾಲ್ಕು ಸ್ಕ್ರೂ ಬಿಚ್ಚಿದ, ಸುಕ್ಕಿಲ್ಲದ ಆ ಬೂಟನ್ನು ಮೇಲಕ್ಕೆತ್ತಿ ಹೊರಗೆ ತಂದ. ಗುಂಡನ್ನು ಮತ್ತೆ ಕೂರಿಸಿದ. "ಮಾವ, ಸಾಕ್ಸು ಕಪ್ಪಾಗುತ್ತೆ. ಆದ್ರೂ ನೀವೇ ಓಡಿಸ್ಬೇಕು. ನೀರಿನ ಟ್ಯಾಂಕಿನವರೆಗೆ ಹೋಗಿ ಬನ್ನಿ. ನಾಲ್ಕನೇ ಗೇರಿಗೆ ಹಾಕಿ ಕೈ ಬಿಡಿ."

ಮಾವ ಗೊಣಗುತ್ತಲೇ ಹತ್ತಿದರು. ಕಾರು ರಸ್ತೆಗಿಳಿಯಿತು. ಭಾಮೈದ ಗೇಟಿನ ಕಂಬ ಹಿಡಿದು, ತಲೆ ಓರೆ ಮಾಡಿ ನಿಂತ. ಅವನಿಗೆ ನೋಡುವುದು ಬೇಕಿರಲಿಲ್ಲ. ಒಂದು. ಎರಡು. ಅವನ ಬೆರಳು ಕಂಬವನ್ನು ಬಿಗಿಯಾಗಿ ಹಿಡಿಯಿತು. ಎರಡು ಜಾರಲಿಲ್ಲ. ಮೂರು. ದೂರದಲ್ಲಿ ಇಂಜಿನ್ನಿನ ಸದ್ದು ಒಂದು ಕ್ಷಣ ತಗ್ಗಿತು, ಮತ್ತೆ ಹಿಡಿಯಿತು. ನಾಲ್ಕು. ಆ ಸದ್ದು ಸಣ್ಣಗಾಗುತ್ತಾ ಟ್ಯಾಂಕಿನ ತಿರುವಿನವರೆಗೂ ಒಂದೇ ಸಮ ಹೋಯಿತು.

ಕಾರು ವಾಪಸು ಬಂದಾಗ ಮಾವ ಇಳಿಯಲಿಲ್ಲ. ಇಂಜಿನ್ನು ಆರಿಸಿ, ಸ್ಟಿಯರಿಂಗಿನ ಮೇಲೆ ಕೈಯಿಟ್ಟು ಕೂತರು. "ಆ ಬೂಟು ಮತ್ತೆ ಹಾಕಿ," ಎಂದರು. ಟೈಲರ್ ಹಾಕಿದ. ಮಾವ ಮತ್ತೆ ಹೋದರು. ಈ ಸಲ ಗೇಟಿನಲ್ಲಿ ನಿಂತವರಿಗೆಲ್ಲ ಕೇಳಿಸಿತು. ಮೂಲೆಯ ಅಂಗಡಿ ದಾಟುವ ಮೊದಲೇ ಎರಡನೇ ಗೇರು ಜಾರಿ, ಇಂಜಿನ್ನು ಗಾಳಿಯಲ್ಲಿ ಕೂಗಿತು.

ಆಮೇಲೆ ಮಾವ ಒಳಗೆ ಹೋಗಿ ತಮ್ಮ ಉಕ್ಕಿನ ಸ್ಕೇಲು ತಂದರು. ಬೂಟನ್ನು ಮತ್ತೆ ಬಿಚ್ಚಿಸಿದರು. ಶೆಡ್ಡಿನ ಕಲ್ಲಿನ ಮೇಲೆ ಟೈಲರ್ ಚೀಲದಿಂದ ತೆಗೆದುಕೊಟ್ಟ ಹಳೆಯ ಮುಂದಿನ ತುಂಡನ್ನೂ ಈ ಬೂಟಿನ ಮುಂದಿನ ತುಂಡನ್ನೂ ಅಕ್ಕಪಕ್ಕ ಇಟ್ಟು ಅಳೆದರು, ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಅಳೆದರು.

"ಮುಕ್ಕಾಲು ಇಂಚು ಕಡಿಮೆ," ಎಂದರು. ಅಂಗಡಿಯವರ ಹತ್ತಿರ ಮಾತಾಡುತ್ತಿದ್ದ ದನಿ ಅದು. ಟೈಲರನಿಗೆ ಆ ದನಿಯನ್ನು ಅವರು ತೋರಿಸಿದ್ದು ಅದೇ ಮೊದಲು. "ಹಳೇದು ಕೈಯಲ್ಲೇ ಇತ್ತಲ್ರೀ. ಅಳತೇನೂ ಮಾಡಿದ್ರಿ. ಆದ್ರೂ ಕತ್ತರಿಸಿದ್ರಾ?"

"ಕತ್ತರಿಸ್ದೆ ಮಾವ. ನಾಲ್ಕೂ ಸಮ ಇರ್ಲಿ ಅಂತ."

ಅಷ್ಟರಲ್ಲಿ ಟೈರಿನವನು ಸೈಕಲ್ಲು ನಿಲ್ಲಿಸಿ, "ನಮಸ್ಕಾರ ಸಾರ್, ಹನ್ನೊಂದಕ್ಕೆ ಹೇಳಿದ್ರಿ, ಸ್ವಲ್ಪ ಬೇಗನೇ ಬಂದೆ," ಎಂದ.

"ಶೆಡ್ಡು ಕೊಟ್ಟಾಯ್ತಪ್ಪ," ಎಂದರು ಮಾವ, ಅವನ ಕಡೆ ನೋಡದೆ. ಅವನು ತಲೆ ಕೆರೆದುಕೊಂಡು ಬಂದ ದಾರಿ ಹಿಡಿದ.

ಮಾವ ಜೇಬಿನಿಂದ ಶೆಡ್ಡಿನ ಕೀಲಿ ತೆಗೆದರು. ಕೊಡಲಿಲ್ಲ, ಅಂಗೈಯಲ್ಲಿ ಹಿಡಿದುಕೊಂಡು ತೂಗುವವರಂತೆ ನಿಂತರು. "ಖಾಲಿ ತಕ್ಕಡಿ ನೋಡ್ಬೇಕು ಅಂತ ಜಗತ್ತಿಗೆಲ್ಲ ಹೇಳಿದೆ," ಎಂದರು. "ನಿಮ್ಮಿಬ್ಬರನ್ನ ತೂಗೋಕೆ ಮೊದಲು ನಾನೇ ನೋಡ್ಕೊಳ್ಳಲಿಲ್ಲ. ಮುಳ್ಳು ಮೊದಲಿಂದಲೂ ಒಂದು ಕಡೆಗೇ ವಾಲಿತ್ತು." ಕೀಲಿಯನ್ನು ಮಗನ ಎಣ್ಣೆ ಕೈಗೆ ಹಾಕಿ ಒಳಗೆ ಹೋದರು. ಅಂದು ಅಳಿಯನಿಗೆ ಚಹಾ ಬರಲಿಲ್ಲ, ಅವನೂ ಎದುರು ನೋಡಲಿಲ್ಲ.

ಟೈಲರ್ ಚೀಲದಿಂದ ಹೊಸ ಬೂಟು ತೆಗೆದ. ಮುಂದಿನ ತುಂಡು ಏಳೂ ಮುಕ್ಕಾಲು. ಅದನ್ನು ತೊಡಿಸಿ ಹಿಡಿಯನ್ನು ನೆಟ್ಟಗೆ ನಿಲ್ಲಿಸಿದರೆ ಮುಂದೆ ಎರಡು ಸುಕ್ಕು ಬಿತ್ತು, ಎದ್ದು ಕಾಣುವ ಹಾಗೆ. ಭಾಮೈದ ಪಕ್ಕದ ಸೀಟಿನಲ್ಲಿ ಕೂತು ಗೇರನ್ನು ನಾಲ್ಕಕ್ಕೆ ಹಾಕಿದ. ಸುಕ್ಕು ಬಿಚ್ಚಿಕೊಂಡಿತು. ಕೈ ಬಿಟ್ಟ. ಹಿಡಿ ಅಲ್ಲೇ ನಿಂತಿತ್ತು. ಮತ್ತೆ ನ್ಯೂಟ್ರಲ್ಲಿಗೆ ತಂದ, ಮತ್ತೆ ನಾಲ್ಕಕ್ಕೆ ಹಾಕಿದ. ಹಾಗೆ ಮೂರು ಸಲ ಮಾಡಿದ. ನಾಲ್ಕನೇ ಸಲಕ್ಕೆ ಕೈ ಚಾಚಿದವನು ಕೈ ಹಿಂದಕ್ಕೆ ತೆಗೆದುಕೊಂಡ.

"ಹಾಗಾದ್ರೆ ನನ್ನ ಕೈ ತಪ್ಪಿರ್ಲಿಲ್ಲ ಅಲ್ವಾ ಭಾವ?" ಎಂದು ಕೇಳಿದ. ಮೂವತ್ತೈದು ವರ್ಷದ ಗಂಡಸು, ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳುವುದು ನೆನಪಿರಲಿಲ್ಲ.

"ಇಲ್ಲ ಕಣಪ್ಪ," ಎಂದ ಟೈಲರ್. "ನಿಂದು ಯಾವತ್ತೂ ತಪ್ಪಿರ್ಲಿಲ್ಲ."